ಕಡಲ ನೀರಿನಲ್ಲಿ ತೊಳೆದ ಮೋಟಾರು

ಕಳೆದ ವಾರ ನಮ್ಮ ಗೇಟಿಗೆ ಬಣ್ಣ ಹಚ್ಚಲು ಬಂದವನು ಮೊದಲು ಹಳೆಯ ತುಕ್ಕನ್ನು ಕೆರೆಯತೊಡಗಿದ. ನಾನು ಒಳಗೆ ಮೀನು ಸಾರಿಗೆ ಕಾಯಿ ಅರೆಯುತ್ತಿದ್ದೆ. ಕರಕರ ಸದ್ದು ಕಿವಿಗೆ ಬೀಳುವ ಮೊದಲೇ ವಾಸನೆ ಬಂತು. ತುಕ್ಕಿಗೂ ವಾಸನೆ ಇದೆಯೇ ಎಂದು ಕೇಳುವವರು ಕಡಲ ಬದಿಯಲ್ಲಿ ಹುಟ್ಟಿದವರಲ್ಲ. ಒದ್ದೆ ತುಕ್ಕನ್ನು ಕೆರೆದರೆ ಮೂಗಿಗೆ ಬರುವುದು ಅರ್ಧ, ನಾಲಗೆಗೆ ಬರುವುದು ಅರ್ಧ; ಚಿಕ್ಕವರಿದ್ದಾಗ ಹಲ್ಲು ಬಿದ್ದ ಜಾಗವನ್ನು ನೆಕ್ಕಿದಾಗ ಬರುತ್ತಿದ್ದ ರುಚಿ ಅದು. ಕೈ ತೊಳೆದುಕೊಂಡು ಹೊರಗೆ ಬಂದೆ. ಅವನ ಅಂಗೈ ಕೆಂಪಗಾಗಿತ್ತು. ಅದನ್ನು ನೋಡಿದ್ದೇ ನನಗೆ ಸಿಟ್ಟು ಬಂತು. ಪಾಪ, ಅವನದೇನು ತಪ್ಪು? ಅಷ್ಟು ವರ್ಷಗಳ ಹಿಂದಿನ ಸಿಟ್ಟು ಅದು, ಇನ್ನೂ ಆರಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹಾಗೆ ಹೇಳಿದವರ ಮನೆಯಲ್ಲಿ ನಮ್ಮ ಅಜ್ಜನಂಥವರು ಇರಲಿಲ್ಲ, ಅಷ್ಟೆ.

ನಮ್ಮ ಮನೆ ಹಟ್ಟಿಕೇರಿಯಲ್ಲಿ, ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ರಸ್ತೆ ಬಿಟ್ಟು ಕಡಲ ಕಡೆಗೆ ಇಳಿದರೆ ಸಿಗುತ್ತಿತ್ತು. ಈಗ ಅಲ್ಲಿ ಹುಡುಕಬೇಡಿ, ಅಡಿಪಾಯದ ಕಲ್ಲೂ ಸಿಗುವುದಿಲ್ಲ. ಮಣ್ಣಿನ ಗೋಡೆ, ಹೆಂಚಿನ ಮಾಡು, ಎದುರಿಗೆ ಸಗಣಿ ಸಾರಿಸಿದ ಅಂಗಳ, ಅಂಗಳದಾಚೆ ಒಂದು ಬಾವಿ, ಬಾವಿಯಾಚೆ ಗದ್ದೆ. ಹಿಂದಿನ ಬಾಗಿಲು ತೆರೆದರೆ ಮರಳು ಮತ್ತು ಕಡಲು. ಆ ಮರಳಿನ ಅಂಚಿನಲ್ಲಿ ಉದ್ದನೆಯ ಒಂದು ಚಪ್ಪರವಿತ್ತು. ಅಜ್ಜನ ಮಚವೆ ಮಳೆಗಾಲ ಕಳೆಯುತ್ತಿದ್ದದ್ದು ಅದರ ಕೆಳಗೆ. ಹಾಯಿ ಕಟ್ಟಿ ಅಕ್ಕಿ, ಹೆಂಚು, ತೆಂಗಿನಕಾಯಿ ಹೊತ್ತು ಕರಾವಳಿಯುದ್ದಕ್ಕೂ ಓಡಾಡುತ್ತಿದ್ದ ದೊಡ್ಡ ದೋಣಿ ಅದು. ಅಜ್ಜ ಅದರ ತಾಂಡೇಲನಾಗಿದ್ದ. ಅವನು ಹೇಳಿದ ಕಡೆಗೆ ಹಾಯಿ ತಿರುಗಬೇಕಿತ್ತು, ಆಳು ತಿರುಗಬೇಕಿತ್ತು. ಮಚವೆ ಹಳತಾಗಿ ಒಡೆದುಹೋದ ಮೇಲೂ ಅಜ್ಜ ತಾಂಡೇಲನಾಗಿಯೇ ಉಳಿದ. ಆಳುಗಳ ಜಾಗಕ್ಕೆ ನಾವು ಬಂದೆವು. ಅವನು ಜಗಲಿಯಲ್ಲಿ ಕೂತು ಕೆಮ್ಮಿದರೆ ಒಳಗೆ ಅವ್ವಿ, ನಮ್ಮನ್ನು ಹೆತ್ತವಳು, ಬಡಿಸುವ ಸೌಟು ಕೆಳಗಿಡುತ್ತಿದ್ದಳು. ಅವನ ಮಾತಿಗೆ 'ಇಲ್ಲ' ಎಂಬ ಉತ್ತರವನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ. ಅಪ್ಪನಂತೂ ಮೀಸೆ ಬೆಳೆಸಿದ ಮಗು.

ಮಚವೆಯ ಕಾಲ ಮುಗಿಯಿತು, ಇನ್ನು ರಸ್ತೆಯ ಕಾಲ ಎಂದು ಅಪ್ಪನಿಗೆ ಮಾತ್ರ ಸರಿಯಾಗಿ ಹೊಳೆದಿತ್ತು. ಕಾರವಾರದಲ್ಲಿ ಗುತ್ತಿಗೆದಾರರೊಬ್ಬರು ಊರು ಬಿಡುವಾಗ ಮಾರಿದ ಹಳೆಯ ಮೋಟಾರು ಕಾರನ್ನು ತಂದ. ಕೋರ್ಟು ಕಚೇರಿಗೆ ಹೋಗುವವರನ್ನು ಅಂಕೋಲೆಯಿಂದ ಕಾರವಾರಕ್ಕೆ ಕರೆದೊಯ್ಯುವುದು ಅವನ ಎಣಿಕೆ. ಅದಕ್ಕೆ ಮಾಡು ಎಂದರೆ ಮಡಚುವ ಕ್ಯಾನ್ವಾಸು, ಮೂತಿಯಲ್ಲಿ ತಿರುಗಿಸುವ ಹ್ಯಾಂಡಲು, ಬಾಗಿಲ ಪಕ್ಕದಲ್ಲಿ ರಬ್ಬರಿನ ಹಾರ್ನು. ಒತ್ತಿದರೆ ಕೋಣ ಕೆಮ್ಮಿದ ಹಾಗೆ ಕೂಗುತ್ತಿತ್ತು. ಗದ್ದೆಯಲ್ಲಿದ್ದವರೆಲ್ಲ ನಾಟಿ ಬಿಟ್ಟು ಓಡಿಬಂದರು. ಅಜ್ಜ ಮಾತ್ರ ಸುತ್ತ ಒಂದು ಸುತ್ತು ಬಂದು, ಮಚವೆಯ ಹೊಟ್ಟೆ ತಟ್ಟುವ ಹಾಗೆ ಅದರ ಬದಿಯನ್ನು ತಟ್ಟಿ, "ಹಲಗೆ ಗಟ್ಟಿ ಅದೆ. ನೀರು ಕುಡಿಸ್ಬೇಕು" ಅಂದ.

ಈಗಿನವರಿಗೆ ಇದು ಅರ್ಥವಾಗುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಮರದ ದೋಣಿಗೆ ಶತ್ರು ಎಂದರೆ ಮಳೆಯ ನೀರು, ಸಿಹಿನೀರು. ಅದು ಹಲಗೆಯ ಸಂದಿಗೆ ಇಳಿದರೆ ಮರ ಕೊಳೆಯುತ್ತದೆ. ಕಡಲ ನೀರು ಹಾಗಲ್ಲ. ಉಪ್ಪು ಕುಡಿದ ಮರ ಹುಳ ಹಿಡಿಯದೆ, ಬಿರಿಯದೆ ತಲೆಮಾರು ಬಾಳುತ್ತದೆ. ಅದಕ್ಕೇ ನಮ್ಮ ಕಡೆ ದೋಣಿ ತೊಳೆಯುವುದು ಕಡಲ ನೀರಿನಿಂದ. ಬಿಸಿಲಿಗೆ ನಿಂತ ದೋಣಿಗೂ ಕೊಡಗಟ್ಟಲೆ ಅದನ್ನೇ ಹೊಯ್ಯುತ್ತಾರೆ. ಇಷ್ಟು ಅಜ್ಜನಿಗೆ ಗೊತ್ತಿತ್ತು, ಅದು ಖರೆಯೂ ಆಗಿತ್ತು. ಮೋಟಾರಿನ ಒಳಚೌಕಟ್ಟಿನಲ್ಲಿ ಅಲ್ಲಲ್ಲಿ ಮರ ಇದ್ದದ್ದನ್ನು ಕಂಡಿದ್ದೇ ತಡ, ಅವನ ಲೆಕ್ಕಕ್ಕೆ ಅದು ಗಾಲಿ ಇರುವ ಮಚವೆಯಾಯಿತು. ಅಪ್ಪ ದಿನವೂ ಸಂಜೆ ಕಾರವಾರದಿಂದ ಬಂದವನೇ ಅದನ್ನು ಹಿಂದಿನ ಮರಳಿಗೆ ಇಳಿಸಬೇಕು, ಕಡಲ ನೀರು ಹೊತ್ತು ಮೇಲೆ ಕೆಳಗೆ ಎರಚಿ ತೊಳೆಯಬೇಕು. ಅಜ್ಜ ಕಲ್ಲಿನ ಮೇಲೆ ಕೂತು, "ಅಡಿಗೆ ಹೊಯ್ಯೋ, ಅಡಿಗೆ. ಕುಡೀಲಿ" ಎನ್ನುತ್ತಿದ್ದ. ಕುಡಿಯಿತು. ಚೆನ್ನಾಗಿ ಕುಡಿಯಿತು.

ಮೊದಲು ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಉಬ್ಬಿತು. ಹುಗ್ಗಿ ಕುದಿಯುವಾಗ ಏಳುವ ಗುಳ್ಳೆಯ ಹಾಗೆ. ಉಗುರು ತಾಗಿಸಿದರೆ ಗುಳ್ಳೆ ಒಡೆದು ಕೆಂಪು ಪುಡಿ ಸುರಿಯುತ್ತಿತ್ತು. ಅದನ್ನು ಕೆರೆಯುವ ಕೆಲಸ ದೇವಕ್ಕನಿಗೂ ನನಗೂ ಬಂತು. ದೇವಕ್ಕ ನನ್ನ ಅಕ್ಕ, ಆಗಿನ್ನೂ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಗಂಜಿ ಉಂಡು ಹೆಂಚಿನ ಚೂರು, ತೆಂಗಿನ ನಾರು, ಒಲೆಯ ಬೂದಿ ಹಿಡಿದು ಕೂರುತ್ತಿದ್ದೆವು. ಕೆರೆದು, ಬೂದಿಯಿಂದ ತಿಕ್ಕಿ, ಕಬ್ಬಿಣ ಕಂಡ ಮೇಲೆ ಮೀನೆಣ್ಣೆ ಸವರುವುದು. ಅಷ್ಟು ಮಾಡಿದರೂ ಬೆಳಿಗ್ಗೆ ನಾವು ತೆಗೆದದ್ದನ್ನು ಸಂಜೆ ಕಡಲು ವಾಪಸು ಕೊಡುತ್ತಿತ್ತು. ಕೆಂಪು ಕೈಯಲ್ಲಿ ಅಕ್ಕಿ ಮುಟ್ಟಿದರೆ ಅವ್ವಿ ಬೈಯುತ್ತಿದ್ದಳು. ದೇವಕ್ಕ ಆ ಕೈಯನ್ನು ನನ್ನ ಎರಡೂ ಕೆನ್ನೆಗೆ ಒತ್ತಿ, "ನೋಡೇ, ಮದಿಮಗಳಾದಿ" ಎಂದು ನಗುತ್ತಿದ್ದಳು. ಅವಳ ನಗು ಮೂಗಿನಿಂದ ಶುರುವಾಗುತ್ತಿತ್ತು. ಹಿಂದಿನ ಸೀಟಿನ ಕಾಲಡಿಯಲ್ಲಿ ತಗಡು ತಿಂದುಹೋಗಿ ಒಂದು ತೂತು ಬಿದ್ದಾಗ ನಮ್ಮಿಬ್ಬರಿಗೆ ಹಬ್ಬ. ಅಪ್ಪ ಒಮ್ಮೆ ಅವರ್ಸೆಯ ತನಕ ಕೂರಿಸಿಕೊಂಡು ಹೋದಾಗ ಇಬ್ಬರೂ ಬಗ್ಗಿ ಆ ತೂತಿನಲ್ಲಿ ಕೆಂಪು ರಸ್ತೆ ಓಡುವುದನ್ನೇ ನೋಡಿದೆವು. ಹೊರಗಿನ ಗುಡ್ಡ, ಗದ್ದೆ ಯಾವುದೂ ಬೇಡವಾಗಿತ್ತು.

ಅವ್ವಿಗೆ ಆ ತೂತು ನೋಡಿ ನಗು ಬರಲಿಲ್ಲ. ಒಂದು ಮಧ್ಯಾಹ್ನ ಅಪ್ಪನಿಗೆ ಬಡಿಸುತ್ತಾ ಹೇಳಿದಳು: "ಹೋಯ್, ಮೀನು ಕೊಯ್ದ ಕತ್ತಿ ತೊಳೀದೆ ಇಟ್ರೆ ಬೆಳಿಗ್ಗೆ ಯಂತ ಆಗ್ತದೆ ಹೇಳಿ ನಂಗೆ ಗೊತ್ತದೆ. ಉಪ್ಪಿನ ಭರಣಿ ಹತ್ರ ಇಟ್ಟ ಮೊಳೆ ಯಂತ ಆಗ್ತದೆ ಅದೂ ಗೊತ್ತದೆ. ನಿಮ್ಮ ಮೋಟಾರು ಕಬ್ಬಿಣದ್ದೇ ಅಲ್ದಾ?" ಅಪ್ಪ ಅನ್ನ ಕಲೆಸುತ್ತಲೇ ಇದ್ದ. ಕಾರವಾರದ ಗ್ಯಾರೇಜಿನಲ್ಲಿ ಪೇದ್ರು ಎಂಬ ಮೇಸ್ತ್ರಿ ಇದ್ದ. ಅವನೂ ಇದನ್ನೇ ಹೇಳಿ ಬೈದು ಕಳಿಸಿದ್ದ ಎಂದು ಆಮೇಲೆ ಗೊತ್ತಾಯಿತು. ಅಂದರೆ ಅಪ್ಪನಿಗೆ ಗೊತ್ತಿತ್ತು. ಇದೇ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ ಹಾಕುವುದು. ಗೊತ್ತಿಲ್ಲದವನು ಕೆಡಿಸಿದರೆ ಒಂದು ಮಾತು. ಗೊತ್ತಿದ್ದೂ ಕೊಡ ಹಿಡಿದು ಕಡಲಿಗೆ ಇಳಿಯುವವನಿಗೆ ಏನು ಹೇಳೋಣ? ಅವ್ವಿ ಬಿಡದೆ ಕೇಳಿದಾಗ, "ಅಪ್ಪ ಹೇಳಿದ್ಮೇಲೆ ನಾ ಯಂತ ಹೇಳೂದು?" ಎಂದು ಎದ್ದು ಕೈ ತೊಳೆದ. ತೂತಿಗೆ ಆಚಾರಿಯ ಹತ್ತಿರ ಚಿಮಣಿ ಎಣ್ಣೆ ಡಬ್ಬಿಯ ತಗಡು ಬಡಿಸಿದ, ಮೇಲೆ ಡಾಂಬರು ಬಳಿಸಿದ. ಅಜ್ಜ ಅದನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದ. ದೋಣಿಯ ಸಂದಿಗೂ ಡಾಂಬರು ಬಳಿಯುತ್ತಾರೆ ನೋಡಿ.

ಮರು ಬೇಸಗೆಯಲ್ಲಿ ದೇವಕ್ಕನ ಮದುವೆಯಾಯಿತು. ಗಂಡನ ಮನೆ ಚಿತ್ತಾಕುಲ, ಕಾರವಾರದಿಂದಾಚೆ ಕಾಳಿ ಹೊಳೆ ದೋಣಿಯಲ್ಲಿ ದಾಟಿ ಹೋಗಬೇಕು. ಮದುವೆಯ ಚಪ್ಪರದಲ್ಲೇ ಅಜ್ಜ ಬೀಗರ ಎದುರು ಎದೆ ತಟ್ಟಿ ಹೇಳಿದ: "ನಮ್ಮ ಹುಡುಗಿ ಇನ್ನು ಎತ್ತಿನ ಗಾಡಿ ಹತ್ತೂದಿಲ್ಲ. ಬಸುರಿಗೆ ಕರೂಕೆ ಮೋಟಾರೇ ಬತ್ತದೆ." ದೇವಕ್ಕನ ಅತ್ತೆ ಬಿಗಿಯಾದ ಹೆಂಗಸು. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡಳು.

ದೇವಕ್ಕ ಬಸುರಿಯಾದ ಸುದ್ದಿ ಬಂದ ವರ್ಷ ಮಳೆ ಜೋರಾಗಿತ್ತು. ಮಳೆಗಾಲಕ್ಕೆ ಮೋಟಾರನ್ನು ಅಜ್ಜ ಮಚವೆಯ ಚಪ್ಪರಕ್ಕೆ ಎಳೆಸಿದ. ಅಡಿಗೆ ಮೀನೆಣ್ಣೆ ಬಳಿಸಿ, ಹೆಣೆದ ತೆಂಗಿನ ಮಡಲು ಹೊದಿಸಿ, ಸುತ್ತಲೂ ಒದ್ದೆ ಮರಳಿನ ಒಡ್ಡು ಕಟ್ಟಿಸಿ ಮಲಗಿಸಿದ. ಹೊರಗೆ ಕಡಲು ಎದ್ದು ಬಡಿಯುತ್ತಿತ್ತು, ಅದರ ಹನಿ ಚಪ್ಪರದೊಳಕ್ಕೆ ಹಾರುತ್ತಿತ್ತು. ನಾನು ಒಮ್ಮೆ ಮಡಲು ಎತ್ತಿ ಒಳಗೆ ಕೈ ಹಾಕಿದೆ. ಬಾಗಿಲ ಕೆಳಗಿನ ಕಬ್ಬಿಣ ಹಪ್ಪಳದ ಹಾಗೆ ಮುರಿದು ಬೆರಳಿಗೆ ಬಂತು. ಅವ್ವಿಗೆ ತಂದು ತೋರಿಸಿದೆ. ಅವಳು ಅದನ್ನು ತಗೊಂಡು ಜಗಲಿಗೇ ಹೋಗಿ ಮಾವನ ಎದುರು ನೆಲದ ಮೇಲಿಟ್ಟಳು. ಅಷ್ಟು ಧೈರ್ಯ ಅವಳಿಗೆ ಎಲ್ಲಿಂದ ಬಂತೋ. ಅಜ್ಜ ಕಾಲಿನ ಹೆಬ್ಬೆರಳಿನಿಂದ ಅದನ್ನು ಅಂಗಳಕ್ಕೆ ತಳ್ಳಿ, "ಹಳೆ ಚಕ್ಕೆ ಉದುರೂದೇ. ಅದ್ಕೆ ಹೆದರೂದು ಯಂತಕೆ?" ಅಂದ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕರೆತರುವುದು ಏಳನೇ ತಿಂಗಳಲ್ಲಿ. ಎಂಟು ಹಿಡಿದರೆ ಬಸುರಿ ಹೊಳೆ ದಾಟಬಾರದು. ದೇವಕ್ಕನಿಗೆ ಏಳು ತುಂಬುತ್ತಾ ಬಂದದ್ದು ಶ್ರಾವಣದಲ್ಲಿ. ಮಳೆ ಸ್ವಲ್ಪ ಹೊಳವಾದ ಕೂಡಲೇ ಅವ್ವಿ ಗಾಡಿ ಕಟ್ಟಿಸಿ ಎಂದು ಹಟ ಹಿಡಿದಳು. ಹಾಸಿಗೆ ಹಾಸಿ, ನಿಧಾನಕ್ಕೆ ನಿಂತು ನಿಂತು ಬಂದರೆ ಗಾಡಿ ಏನೂ ಮಾಡುವುದಿಲ್ಲ, ತಾನೂ ಹಾಗೇ ಬಂದವಳು ಎಂದಳು. ಅಜ್ಜ ಒಪ್ಪಲಿಲ್ಲ. ಬೀಗರ ಎದುರು ಆಡಿದ ಮಾತು ಏನಾಗಬೇಕು? ಮೋಟಾರಾದರೂ ಹೊರಡಲಿ ಎಂದರೆ ಅದಕ್ಕೂ ಒಪ್ಪಲಿಲ್ಲ. ನಾರಳಿ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆಯಾಗುವ ತನಕ ಯಾವ ದೋಣಿಯೂ ನೀರಿಗೆ ಇಳಿಯುವುದಿಲ್ಲ. ಅಲ್ಲಿಯ ತನಕ ಮೋಟಾರೂ ಚಪ್ಪರ ಬಿಡಬಾರದು ಎಂದ. ಹುಣ್ಣಿಮೆಯ ಮರುದಿನ ಬರುತ್ತೇವೆ, ಹೊಳೆಯ ಈಚೆ ದೋಣಿ ನಿಲ್ಲುವ ಕೋಡಿಬಾಗಿನ ಧಕ್ಕೆಗೆ ಹುಡುಗಿಯನ್ನು ದಾಟಿಸಿ ತಂದಿರಿ ಎಂದು ಚಿತ್ತಾಕುಲಕ್ಕೆ ಹೇಳಿಕಳಿಸಿದರು. ಅದು ತಪ್ಪಿದರೆ ಎಂಟನೇ ತಿಂಗಳು.

ಹುಣ್ಣಿಮೆಯ ದಿನ ಮೋಟಾರಿಗೆ ಕುಂಕುಮ ಹಚ್ಚಿ, ಹೂವು ಹಾಕಿ, ದೋಣಿ ಇಳಿಸುವ ಹಾಗೆ ಹಗ್ಗ ಕಟ್ಟಿ ಊರಿನ ಗಂಡಸರೆಲ್ಲ ಹೆಗಲು ಕೊಟ್ಟು ಕಡಲಿಗೆ ಇಳಿಸಿದರು. ಗಾಲಿ ಮುಳುಗುವಷ್ಟು ನೀರು ಸಾಕು ಎಂದು ಅಜ್ಜನೇ ಹೇಳಿದ್ದ. ಆದರೆ ತೆರೆಗೆ ಅಜ್ಜನ ಭಯ ಇರಲಿಲ್ಲ. ಒಂದು ದೊಡ್ಡ ತೆರೆ ಬಂದು ಸೀಟಿನ ತನಕ ತೋಯಿಸಿ, ಗಾಲಿಯ ಅಡಿಯ ಮರಳನ್ನು ಎಳೆದುಕೊಂಡು ಹೋಯಿತು. ಹೂತ ಮೋಟಾರನ್ನು ಹಗ್ಗ ಜಗ್ಗಿ, ಅಡ್ಡಾದಿಡ್ಡಿ ತಿರುಚಿ ಮೇಲೆ ತಂದರು. ಎಲ್ಲಿಯೋ ಒಳಗೆ ಕಟ್ ಎಂದದ್ದು ಅವ್ವಿಗೂ ನನಗೂ ಕೇಳಿಸಿತು. ಗಂಡಸರು ಕೂಗಾಡುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಅಜ್ಜ ಬೆಲ್ಲ ಹಂಚಿದ.

ಮರುದಿನ ಬೆಳಿಗ್ಗೆ ಅಪ್ಪ, ಅವ್ವಿ, ನಾನು ಹೊರಟೆವು. ಅವ್ವಿಯ ಮಡಿಲಲ್ಲಿ ದೇವಕ್ಕನಿಗೆಂದು ಮಾಡಿದ ಕಾಯಿಕಡುಬು ಬಾಳೆಲೆಯಲ್ಲಿ ಇನ್ನೂ ಬಿಸಿಯಾಗಿತ್ತು. ಅಮದಳ್ಳಿ ದಾಟಿತು, ಅರ್ಗೆಯ ಏರು ಬಂತು. ಏರಿನ ನಡುವೆ ಮೋಟಾರು ಒಮ್ಮೆ ನಿಟ್ಟುಸಿರು ಬಿಟ್ಟ ಹಾಗಾಗಿ ನಡುವಿನಲ್ಲಿ ಕುಸಿಯಿತು. ಅಡಿಯ ಉದ್ದನೆಯ ಕಬ್ಬಿಣ, ಇಡೀ ಮೋಟಾರನ್ನು ಹೊತ್ತ ಬೆನ್ನೆಲುಬು, ತುಕ್ಕು ತಿಂದು ತಿಂದು ಎರಡು ತುಂಡಾಗಿತ್ತು. ಬಾಗಿಲು ಬಿಗಿದುಕೊಂಡು ತೆರೆಯಲಿಲ್ಲ. ಅವ್ವಿ ಸೀರೆ ಎತ್ತಿಕೊಂಡು ಬದಿಯಿಂದ ಹತ್ತಿ ಇಳಿದಳು. ಅಪ್ಪ ಅಡಿಗೆ ನುಸುಳಿದ. ಹಾಯಿ ಹೊತ್ತ ಕೂವೆಮರ ಮುರಿದಾಗ ಕಟ್ಟುವ ಹಾಗೆ ಬಿದಿರು ಕೊಟ್ಟು, ಹುರಿಹಗ್ಗ ಸುತ್ತಿ ಬಿಗಿದ. ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಹ್ಯಾಂಡಲು ತಿರುಗಿಸಿ ಹೊರಟರೆ ಇನ್ನೊಂದು ತಿರುವಿನಲ್ಲಿ ಹಗ್ಗ ಉಳಿಯಿತು, ಕಬ್ಬಿಣ ಉಳಿಯಲಿಲ್ಲ. ಹಬ್ಬದ ಮರುದಿನ, ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. "ಬಿಟ್ಟು ಓಡಿ. ಹುಡುಗಿ ಧಕ್ಕೆಯಲ್ಲಿ ಕುಂತದೆ" ಎಂದು ಅವ್ವಿ ಅಪ್ಪನನ್ನು ತಳ್ಳಿದಳು. ಅಪ್ಪ ಓಡಿದ. ಅವ್ವಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಳು. ಕಡುಬಿನ ಗಂಟನ್ನು ಕೆಳಗಿಡಲಿಲ್ಲ.

ದೇವಕ್ಕ ಬೆಳಿಗ್ಗೆಯೇ ಹೊಳೆ ದಾಟಿ ಬಂದು, ತನ್ನ ಟ್ರಂಕಿನ ಮೇಲೆ ಕೂತು, ಕಾರವಾರದ ರಸ್ತೆಯನ್ನೇ ನೋಡುತ್ತಿದ್ದಳಂತೆ. ಊಟಕ್ಕೆ ಕರೆದರೆ, ಅವ್ವಿ ತರುತ್ತಾಳೆ ಎಂದಳಂತೆ. ದೀಪ ಹಚ್ಚುವ ಹೊತ್ತಿಗೆ ಬಸುರಿ ನೀರಿನ ಮೇಲೆ ಇರಬಾರದೆಂದು ಜೊತೆಗೆ ಬಂದಿದ್ದ ಅತ್ತೆ ಹೊತ್ತು ಇಳಿಯುವ ಮೊದಲೇ ಎಬ್ಬಿಸಿ ವಾಪಸು ದೋಣಿ ಹತ್ತಿಸಿದಳು. ಅಪ್ಪ ಆ ದಿನದ ಬಗ್ಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಮಾತಾಡಿದ: "ದೋಣಿ ನಡು ಹೊಳೇಲಿ ಇತ್ತು. ಕರದೆ. ಗಾಳಿ ಆಚೆಯಿಂದ ಬತ್ತಿತ್ತು, ಕೇಳ್ಲಿಲ್ಲ."

ಅಪ್ಪ ಮುಂದಿನ ದೋಣಿಯಲ್ಲೇ ದಾಟಿ ಹೋಗಿ ಬೇಡಿಕೊಂಡ. ತವರಿಗೆಂದು ಹೊಸ್ತಿಲು ದಾಟಿ ತಿರುಗಿ ಬಂದವಳು ಹೆರುವ ತನಕ ಮತ್ತೆ ದಾಟಬಾರದು, ಅಪಶಕುನ ಎಂದು ಅತ್ತೆ ಬಾಗಿಲು ಮುಚ್ಚಿದಳು. ಅವಳ ಮೇಲೂ ನನಗೆ ಸಿಟ್ಟಿದೆ, ಆದರೆ ಅವಳ ಸರದಿ ಆಮೇಲೆ. ದೀಪಾವಳಿ ಹತ್ತಿರವಿರುವಾಗ ಚಿತ್ತಾಕುಲದಿಂದ ಆಳು ಬಂದ. ಹೆಣ್ಣು ಮಗು, ಮಗು ಉಳಿದಿದೆ ಎಂದ. ಮಗು ಉಳಿದಿದೆ ಎಂದು ಯಾಕೆ ಹೇಳುತ್ತಾರೆ ಎಂಬುದು ನನಗೆ ಕೂಡಲೇ ತಿಳಿಯಲಿಲ್ಲ. ಅವ್ವಿಗೆ ತಿಳಿಯಿತು. ಬಾವಿಕಟ್ಟೆಯ ಮೇಲೆ ಕೂತವಳು ಎರಡೂ ಕೈಯಿಂದ ಕಲ್ಲನ್ನು ಬಡಿದಳು. ಊರವರು ಬಂದು ಹಣೆಬರಹ ಎಂದರು. ಹಣೆಬರಹವಂತೆ! ನಮ್ಮಲ್ಲಿಗೆ ಬಂದಿದ್ದರೆ ದೇವಕ್ಕ ಬದುಕುತ್ತಿದ್ದಳೇ, ನನಗೆ ಗೊತ್ತಿಲ್ಲ. ಆದರೆ ಅವ್ವಿಯ ಕೈ ಹಿಡಿದುಕೊಂಡಿರುತ್ತಿದ್ದಳು. ಅಷ್ಟನ್ನು ಯಾವ ಬ್ರಹ್ಮನೂ ಬರೆದು ತಪ್ಪಿಸಲಿಲ್ಲ, ನಮ್ಮ ಮನೆಯ ಗಂಡಸರೇ ತಪ್ಪಿಸಿದರು.

ಮುರಿದ ಮೋಟಾರನ್ನು ಎತ್ತು ಕಟ್ಟಿ ಎಳೆಸಿ ತಂದು ಚಪ್ಪರದಲ್ಲಿ ಬಿಟ್ಟಿದ್ದರು. ಮಳೆ ಪೂರಾ ನಿಂತ ಮೇಲೆ ಒಂದು ಸಂಜೆ ಅಜ್ಜ, ರೂಢಿಯೋ ಹಟವೋ, ಜಗಲಿಯಿಂದಲೇ "ಮೋಟಾರಿಗೆ ನೀರು ಹೊಯ್ಯಲಿಲ್ವನಾ?" ಎಂದು ಕೇಳಿದ. ಅಪ್ಪ ತಲೆ ಎತ್ತದೆ ಹೇಳಿದ: "ಇಲ್ಲ. ಇನ್ನು ಹೊಯ್ಯೂದಿಲ್ಲ." ಆ ಮನೆಯಲ್ಲಿ ನಾನು ಕೇಳಿದ ಮೊದಲನೆಯ 'ಇಲ್ಲ' ಅದು. ಮಾಡು ಕುಸಿಯಲಿಲ್ಲ, ಕಡಲು ಉಕ್ಕಲಿಲ್ಲ. ಅಜ್ಜ ಎಲೆಯಡಿಕೆಯ ತಟ್ಟೆ ಎಳೆದುಕೊಂಡ, ಅಷ್ಟೆ. ಇಷ್ಟು ಸಸಾರವಾಗಿತ್ತು ಆ ಮಾತು. ಅದಕ್ಕೆ ಒಂದು ಜೀವ ಹೋಗಬೇಕಾಯಿತು. ಒಳಗೆ ಅವ್ವಿ ಒಲೆ ಊದುತ್ತಿದ್ದವಳು ಊದುವುದನ್ನು ನಿಲ್ಲಿಸಿದಳು, ಆಮೇಲೆ ಮತ್ತೆ ಊದಿದಳು.

ಮೋಟಾರು ಅಲ್ಲೇ ಉಳಿಯಿತು. ಟಯರು ಕೊಳೆಯಿತು, ಕ್ಯಾನ್ವಾಸು ಹರಿಯಿತು, ಸೀಟಿನ ನಾರಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು. ದೇವಕ್ಕನ ಮಗಳು ಪಾರುವನ್ನು ಅವಳ ಅಜ್ಜಿ ಬಹಳ ದಿನ ಕಳಿಸಲಿಲ್ಲ. ಓಡಾಡಿ ಮಾತಾಡುವಷ್ಟಾದ ಮೇಲೆ ಒಂದು ಬೇಸಗೆಯಲ್ಲಿ ಕಳಿಸಿದಳು. ನಗು ಮೂಗಿನಿಂದಲೇ ಶುರುವಾಗುತ್ತಿತ್ತು ಅದಕ್ಕೂ. ಬಂದ ದಿನವೇ ಚಪ್ಪರಕ್ಕೆ ಓಡಿ, ಬದಿಯಿಂದ ಹತ್ತಿ, ಕೋಳಿಯನ್ನು ಎಬ್ಬಿಸಿ, ಸ್ಟಿಯರಿಂಗು ಹಿಡಿದು ಕೂತಿತು. ಕೈಯೆಲ್ಲ ಕೆಂಪು. ಅಜ್ಜ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ, ಬಹಳ ಇಳಿದುಹೋಗಿದ್ದ. ಮಗುವನ್ನು ಮಾತಾಡಿಸುವ ಆಸೆಗೆ, "ಎಲ್ಲಿಗೆ ಹೊರಟ್ಯೇ ತಂಗೀ?" ಎಂದು ಕೇಳಿದ.

"ಕೋಡಿಬಾಗಿಗೆ" ಎಂದಿತು ಪಾರು. "ಅವ್ವಿ ಟ್ರಂಕಿನ ಮೇಲೆ ಕುಂತದೆ. ಮೋಟಾರಿಗೆ ಕಾಯ್ತದೆ."

ಚಿತ್ತಾಕುಲದಲ್ಲಿ ಅದಕ್ಕೆ ಅಮ್ಮನ ಬಗ್ಗೆ ಹೇಳಿಕೊಟ್ಟಿದ್ದ ಕತೆ ಅದೊಂದೇ ಇರಬೇಕು. ಅಜ್ಜ ಎದ್ದ. ಕೋಲು ಅಲ್ಲೇ ಬಿಟ್ಟು, ಗೋಡೆ ಹಿಡಿದು ಅಂಗಳ ದಾಟಿ ಬಾವಿಗೆ ಹೋದ. ತಾನೇ ನೀರು ಸೇದಿದ. ಕೊಡವನ್ನು ಎದೆಗೆ ಒತ್ತಿಕೊಂಡು, ಅರ್ಧ ಮೈಮೇಲೆ ಚೆಲ್ಲಿಕೊಳ್ಳುತ್ತಾ ಬಂದು, ಆ ತುಕ್ಕಿನ ರಾಶಿಯ ಮೂತಿಗೆ ಹೊಯ್ದ. ಸಿಹಿನೀರು. ತಿರುಗಿ ಹೋಗಿ ಇನ್ನೊಂದು ಕೊಡ ತಂದ. ಯಾರೂ ಕೈ ಜೋಡಿಸಲಿಲ್ಲ. ಅಪ್ಪ ಗದ್ದೆಯ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಅವ್ವಿ ಹಿಂದಿನ ಬಾಗಿಲಿಗೆ ಬಂದು, ಮದುವೆಯಾಗಿ ಬಂದ ಲಾಗಾಯ್ತು ಮೊದಲ ಸಲ ಮಾವನ ಮುಖ ನೋಡಿ ಕೇಳಿದಳು:

"ಈಗ ಯಂತಕೆ?"

ಅಜ್ಜ ಕೊಡ ಬಗ್ಗಿಸಿದ. ನೀರು ಕೆಂಪಾಗಿ ಇಳಿದು ಮರಳಿನಲ್ಲಿ ಇಂಗಿತು. ಪಾರುವಿಗೆ ಅದೆಲ್ಲ ಆಟ. ಹಾರ್ನಿನ ರಬ್ಬರು ಒತ್ತಿ ನೋಡಿತು, ಅದು ಎಂದೋ ಒಡೆದುಹೋಗಿತ್ತು. ಆಮೇಲೆ ತಾನೇ ಬಾಯಿಂದ ಪೋಂ ಎಂದು ಕೂಗಿ, ತನ್ನ ಅವ್ವಿಯನ್ನು ಕರೆತರಲು ಹೊರಟಿತು.